ಬಾನೆಟ್ಟಿಗೆ ಹಾಕಿಸಿದ ಬೀಗ

ಈಗಿನ ಮೆಕ್ಯಾನಿಕ್‌ಗಳದ್ದು ಸುಖ. ಕಾರು ಸ್ಟಾರ್ಟ್ ಆಗಲಿಲ್ಲವೋ, ಸ್ಟೇರಿಂಗ್ ಕೆಳಗೆ ಒಂದು ವೈರು ಚುಚ್ಚುತ್ತಾರೆ, ಕೈಯಲ್ಲಿರುವ ಪರದೆಯ ಮೇಲೆ ರೋಗದ ನಂಬರು ಬರುತ್ತದೆ. ನಂಬರಿಗೆ ತಕ್ಕ ಪಾರ್ಟು ತರಿಸಿ ಹಾಕಿದರೆ ಮುಗಿಯಿತು. ನಮ್ಮ ಕಾಲದಲ್ಲಿ ರೋಗ ಹೇಳುವುದಕ್ಕೆ ಪರದೆ ಇರಲಿಲ್ಲ, ಜನ ಇದ್ದರು. ಶಿವಮೊಗ್ಗದ ರಸ್ತೆ ಬದಿಯಲ್ಲಿ ಹಳೇ ಕಾರೊಂದರ ಬಾನೆಟ್ ಎತ್ತಿದರೆ ಐದು ನಿಮಿಷಕ್ಕೆ ಹತ್ತು ಜನ ಸೇರುತ್ತಿದ್ದರು. ಬ್ಯಾಂಕಿನ ಕ್ಯಾಷಿಯರು ಪ್ಲಗ್ ಅಂತಿದ್ದ, ಸೊಪ್ಪು ಮಾರುವವಳು ಬ್ಯಾಟರಿ ಅಂತಿದ್ದಳು, ಜನ್ಮದಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸದ ಮೇಷ್ಟ್ರು ಕಾರ್ಬೊರೇಟರಿನಲ್ಲಿ ಕಸ ಅಂತಿದ್ದರು. ತಮಾಷೆ ಅಂದರೆ ಮೂವರಲ್ಲಿ ಒಬ್ಬರದ್ದು ಸರಿಯೇ ಇರುತ್ತಿತ್ತು. ಯಾರದ್ದು ಅಂತ ಕಂಡುಹಿಡಿಯುವುದಕ್ಕೆ ಮೂವತ್ನಾಲ್ಕು ವರ್ಷ ನನಗೆ ಸಂಬಳ ಕೊಟ್ಟರು.

ನಾನು ಚಂದ್ರಪ್ಪ. ಹುಟ್ಟಿದ್ದು ಕುಂಸಿ ಹತ್ತಿರ, ಕೆಲಸ ಕಲಿತದ್ದೂ ಮಾಡಿದ್ದೂ ಶಿವಮೊಗ್ಗದ ಬಿ.ಎಚ್. ರಸ್ತೆಯ ಒಂದು ಗ್ಯಾರೇಜಿನಲ್ಲಿ. ಚಕ್ರ ಬಿಚ್ಚುತ್ತಿದ್ದವನು ಹೆಡ್ ಮೇಸ್ತ್ರಿ ಆದದ್ದು ಹೇಗೆ ಅನ್ನುವುದನ್ನೆಲ್ಲ ಬರೆಯುವುದಿಲ್ಲ. ನನಗಿಂತ ಚೆನ್ನಾಗಿ ಕೆಲಸ ಗೊತ್ತಿದ್ದ ಇಬ್ಬರು ದುಬೈಗೆ ಹೋದರು, ಅಷ್ಟೇ.

ಗ್ಯಾರೇಜಿನ ಯಜಮಾನರು ಖಾಸಿಂ ಸಾಬ್ರು. ನಾವೆಲ್ಲ ಉಸ್ತಾದ್ ಅಂತ ಕರೆಯುತ್ತಿದ್ದೆವು. ಅವರದ್ದೊಂದು ಕಾನೂನು: ಬಾನೆಟ್ ಎತ್ತಿದ ಮೇಲೆ ಒಂದು ಬೀಡಿ ಸೇದಿ ಮುಗಿಯುವಷ್ಟು ಹೊತ್ತು ಕೈ ಹಿಂದೆ ಕಟ್ಟಿಕೊಂಡು ಸುಮ್ಮನೆ ನೋಡಬೇಕು. ಬೀಡಿ ಸೇದದವರೂ ಅಷ್ಟು ಹೊತ್ತು ನೋಡಬೇಕು. ನಾನು ಹೊಸದರಲ್ಲಿ ಇದನ್ನು ಮುದುಕರ ಸೋಮಾರಿತನ ಅಂದುಕೊಂಡಿದ್ದೆ. ಒಮ್ಮೆ ಒಬ್ಬ ಡಾಕ್ಟರ ಕಾರು ತಳ್ಳಿಕೊಂಡು ಬಂದರು. ನಾನು ಕೈ ಹಿಂದೆ ಕಟ್ಟದೆ ಸೀದಾ ಕಾರ್ಬೊರೇಟರಿಗೆ ಕೈ ಹಾಕಿದೆ. ಮೂರು ಗಂಟೆ ಬಿಚ್ಚಿ, ತೊಳೆದು, ಊದಿ, ಕೂಡಿಸಿ, ಮತ್ತೆ ಬಿಚ್ಚಿದೆ. ಉಸ್ತಾದ್ ನಮಾಜು ಮುಗಿಸಿ ಬಂದವರು ಪೆಟ್ರೋಲ್ ಟ್ಯಾಂಕಿಗೆ ಒಂದು ಕಡ್ಡಿ ಇಳಿಬಿಟ್ಟು ತೆಗೆದರು. ಕಡ್ಡಿ ಒಣಗಿತ್ತು.

"ಚಂದ್ರೂ, ಗಾಡಿ ಉಪವಾಸ ಇದೆ ಕಣೋ. ನೀನು ಅದರ ಹೊಟ್ಟೆ ಕುಯ್ತಾ ಕೂತಿದೀಯ," ಅಂದರು.

ಡಾಕ್ಟರು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. "ಬಿಡಿ ಸಾಬ್ರೇ, ನಮ್ಮಲ್ಲೂ ಒಮ್ಮೊಮ್ಮೆ ಹಾಗಾಗುತ್ತೆ," ಅಂದು ಎದ್ದು ಹೋದರು. ಆ ಡಾಕ್ಟರ ಹತ್ತಿರ ನಾನು ಮಾತ್ರ ಮುಂದೆ ಯಾವತ್ತೂ ಔಷಧಿಗೆ ಹೋಗಲಿಲ್ಲ.

ಇನ್ನೊಂದು ಸಲ ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಬೆಂಗಳೂರಿಂದ ಬಂದ ದೊಡ್ಡ ಅಧಿಕಾರಿಯೊಬ್ಬರ ಜೀಪು ಕೆಟ್ಟು ನಿಂತಿತ್ತು. ನಾನು ಹೋಗುವ ಹೊತ್ತಿಗೆ ಮಾವುತ, "ಸ್ವಾಮಿ, ನಮ್ಮ ಆನೆ ಒಂದು ಸಲ ತಳ್ಳಿದ್ರೆ ಸ್ಟಾರ್ಟ್ ಆಗುತ್ತೆ," ಅಂತ ಹೇಳಿ ಹೇಳಿ ಸುಸ್ತಾಗಿದ್ದ. ಆನೆ ಅರಣ್ಯ ಇಲಾಖೆಯದ್ದು, ಜೀಪು ಬೇರೆ ಇಲಾಖೆಯದ್ದು, ಆ ಇಲಾಖೆಯ ಜೀಪನ್ನು ಈ ಇಲಾಖೆಯ ಆನೆ ತಳ್ಳುವುದಕ್ಕೆ ಆರ್ಡರ್ ಎಲ್ಲಿದೆ ಅಂತ ಅಧಿಕಾರಿಗಳು ಕೇಳಿದರಂತೆ. ಕೊನೆಗೆ ನಾನು, ಮಾವುತ, ಬಿಡಾರದ ಅಡುಗೆಯವನು ಮೂರು ಜನ ತಳ್ಳಿದೆವು. ನಮಗೆ ಯಾರ ಆರ್ಡರೂ ಬೇಕಾಗಲಿಲ್ಲ. ಆನೆ ಕಬ್ಬು ತಿನ್ನುತ್ತಾ ನೋಡುತ್ತಿತ್ತು.

ಇವೆಲ್ಲ ನಗುವ ಕತೆಗಳು, ಬೇಕಾದಷ್ಟಿವೆ. ಈ ಕೆಲಸಕ್ಕೆ ಬರುವವರಿಗೆ ನಾನು ನಿಜವಾಗಿ ಹೇಳಬೇಕಾದದ್ದು ಗಿರಣಿ ಮಹಾದೇವಪ್ಪನವರ ಕಾರಿನ ಕತೆ. ಇದರಲ್ಲೂ ನಗು ಇದೆ. ಆದರೆ ನಾನು ಒಂದು ಮಾತು ಆಡಿ ಒಬ್ಬ ಮನುಷ್ಯನ ಅನ್ನ ತೆಗೆದದ್ದೂ ಇದೇ ಕತೆಯಲ್ಲಿ.

ತೊಂಬತ್ತರ ದಶಕದ ಕೊನೆ. ಮಹಾದೇವಪ್ಪನವರದ್ದು ಅಕ್ಕಿ ಗಿರಣಿ, ದುರ್ಗಿಗುಡಿ ಕಡೆ ದೊಡ್ಡ ಮನೆ. ಅವರ ತಂದೆ ಕಾಫಿ ತೋಟದ ಯಾವುದೋ ಬಿಳಿ ದೊರೆಯಿಂದ ಕೊಂಡ ಕಪ್ಪು ವಿಲಾಯಿತಿ ಕಾರು ಆ ಮನೆಯಲ್ಲಿತ್ತು. ಬಾನೆಟ್ ಎರಡೂ ಪಕ್ಕದಿಂದ ಎತ್ತುವಂಥದ್ದು, ಕೋಳಿ ರೆಕ್ಕೆ ಎತ್ತಿದ ಹಾಗೆ. ಊರಲ್ಲೆಲ್ಲ ಪುಟಾಣಿ ಹೊಸ ಕಾರುಗಳು ಓಡಾಡಲು ಶುರುವಾಗಿದ್ದವು. ಮಹಾದೇವಪ್ಪನವರು ಮಾತ್ರ ದಿನಾ ಗಿರಣಿಗೆ ಇದರಲ್ಲೇ ಹೋಗುತ್ತಿದ್ದರು. "ಹೊಸ ಕಾರು ಕಂತು ಕಟ್ಟೋನ ಹತ್ರಾನೂ ಇರುತ್ತೆ ಚಂದ್ರಪ್ಪ. ಹಳೇದು ಇರಬೇಕು ಅಂದ್ರೆ ಅಪ್ಪ ಇರಬೇಕು," ಅನ್ನುತ್ತಿದ್ದರು.

ಒಂದು ದಿನ ಗ್ಯಾರೇಜಿಗೆ ಫೋನು ಮಾಡಿದರು. "ಚಂದ್ರಪ್ಪ, ಬೆಳಗ್ಗೆ ಆಗೋದೇ ಇಲ್ಲ ಮಾರಾಯ. ಎಷ್ಟು ತಿಣುಕಿದ್ರೂ ಆಗೋದಿಲ್ಲ. ಹತ್ತು ಗಂಟೆ ಮೇಲೆ ಸಲೀಸು." ಅವರು ಹೇಳುತ್ತಿರುವುದು ಕಾರಿನ ವಿಷಯ ಅಂತ ನನಗೆ ಗೊತ್ತಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ವಿಚಾರಿಸಿದರೆ, ತೊಂದರೆ ಸೋಮವಾರ ಮಾತ್ರ. ಸೋಮವಾರ ಬೆಳಗ್ಗೆ ಮನೆಮಂದಿಯೆಲ್ಲ ಕಾರಿಗೆ ಪೂಜೆ ಮಾಡಿ, ಆರತಿ ಎತ್ತಿ, ಕೂಡಲೇ ಹತ್ತಿ ಈಶ್ವರ ದೇವಸ್ಥಾನಕ್ಕೆ ಹೊರಡುವ ಪದ್ಧತಿ. ಆವತ್ತೇ ಇಂಜಿನ್ನು ಕಿರ್ರ್ ಕಿರ್ರ್ ಅಂದು ಕೈ ಕೊಡುತ್ತಿತ್ತು. ಮಂಗಳವಾರದಿಂದ ಶನಿವಾರದವರೆಗೆ ಒಂದೇ ಎಳೆತಕ್ಕೆ ಸ್ಟಾರ್ಟು. ಗ್ಯಾರೇಜಿಗೆ ತಂದರೆ ಅಲ್ಲೂ ಒಂದೇ ಎಳೆತಕ್ಕೆ. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಶನಿಕಾಟ ಇಲ್ಲ. ರೋಗಿ ಆಸ್ಪತ್ರೆಗೆ ಬಂದ ಕೂಡಲೇ ಗುಂಡುಕಲ್ಲಿನ ಹಾಗೆ ಎದ್ದು ಕೂತರೆ ಡಾಕ್ಟರು ಏನು ಮಾಡಬೇಕು?

ನಾನು ಬುದ್ಧಿವಂತಿಕೆ ತೋರಿಸಿದೆ. ಭಾನುವಾರ ಗಿರಣಿಗೆ ರಜ, ಗಾಡಿ ನಿಂತೇ ಇರುತ್ತೆ, ಪೆಟ್ರೋಲು ಆವಿಯಾಗುತ್ತೆ ಅಂದೆ. ಕಾರ್ಬೊರೇಟರ್ ತೊಳೆದೆ. ಮುಂದಿನ ಸೋಮವಾರ ಮತ್ತೆ ಫೋನು. ಪ್ಲಗ್ ಬದಲಿಸಿದೆ. ಸೋಮವಾರ ಫೋನು. ಕಾಯಿಲ್ ಬದಲಿಸಿದೆ. ಫೋನು. ಗ್ಯಾರೇಜಿನಲ್ಲಿ ಎಲ್ಲರೂ ಸೋಮವಾರ ಬೆಳಗ್ಗೆ ಫೋನು ರಿಂಗಾದರೆ ಎತ್ತದೆ ನನ್ನ ಮುಖ ನೋಡುವುದು ಶುರುವಾಯಿತು.

ಕಾರಿನ ಡ್ರೈವರು ಮುನಿಸ್ವಾಮಿ. ಭದ್ರಾವತಿಯ ಜನ್ನಾಪುರದವನು. ಅವನ ಅಪ್ಪ ಕಾರ್ಖಾನೆ ಕೆಲಸಕ್ಕೆ ಅಂತ ತಮಿಳುನಾಡಿನ ಕಡೆಯಿಂದ ಬಂದು ಅಲ್ಲೇ ನಿಂತವರು. ಇವನು ದಿನಾ ಬೆಳಗ್ಗೆ ಮೊದಲ ಬಸ್ಸಿಗೆ ಭದ್ರಾವತಿಯಿಂದ ಬಂದು ಏಳು ಗಂಟೆಗೆ ಕಾರಿನ ಶೆಡ್ಡಿನಲ್ಲಿರುತ್ತಿದ್ದ. ಹದಿನೆಂಟು ವರ್ಷದಿಂದ ಅದೇ ಮನೆ, ಅದೇ ಕಾರು. ಮಾತು ಕಮ್ಮಿ. ನಾನು ಏನು ಬದಲಿಸಿದರೂ ಪಕ್ಕದಲ್ಲಿ ನಿಂತು, "ಬದಲಾಯಿಸಿ ಮೇಸ್ತ್ರಿ, ಒಳ್ಳೇದೇ," ಅನ್ನುತ್ತಿದ್ದ. ಒಂದು ಸಲವೂ ಇದೇ ಇರಬೇಕು, ಅದೇ ಇರಬೇಕು ಅಂತ ತಲೆ ತಿನ್ನಲಿಲ್ಲ. ಊರಿಗೆಲ್ಲ ಗೊತ್ತಿರುವ ವಿದ್ಯೆ ಇವನೊಬ್ಬನಿಗೆ ಗೊತ್ತಿಲ್ಲವಲ್ಲ ಅಂತ ನನಗೆ ಅನುಮಾನ ಬರಬೇಕಿತ್ತು. ಬಂತು, ಆದರೆ ಉಲ್ಟಾ ದಿಕ್ಕಿನಲ್ಲಿ ಬಂತು.

ಒಂದು ಗುರುವಾರ ಬೇರೆ ಕೆಲಸಕ್ಕೆ ಆ ರಸ್ತೆಯಲ್ಲಿ ಹೋಗುತ್ತಿದ್ದವನು ಬೆಳಗ್ಗೆ ಏಳೂಕಾಲಕ್ಕೆ ಶೆಡ್ಡಿನ ಕಡೆ ಇಣುಕಿದೆ. ಮುನಿಸ್ವಾಮಿ ಬಾನೆಟ್ಟಿನ ಒಂದು ರೆಕ್ಕೆ ಎತ್ತಿ ಒಳಗೆ ಕೈ ಹಾಕಿದ್ದ. ನನ್ನ ಹೆಜ್ಜೆ ಸದ್ದಿಗೆ ಗಾಬರಿಯಾಗಿ ಕೈಯಲ್ಲಿದ್ದ ಬಟ್ಟೆ ಜೇಬಿಗೆ ತುರುಕಿ, "ಏನಿಲ್ಲ ಮೇಸ್ತ್ರಿ, ಸುಮ್ನೆ ನೋಡ್ತಿದ್ದೆ," ಅಂದ.

ಅವತ್ತೇ ಮಧ್ಯಾಹ್ನ ಗಿರಣಿಯಲ್ಲಿ ಮಹಾದೇವಪ್ಪನವರು ಕೇಳಿದರು: "ಏನಪ್ಪಾ, ಎಷ್ಟು ದಿನ ಹೀಗೆ? ಇಡೀ ಕಾರು ಬದಲಾಯಿಸ್ತೀಯೋ ಹೆಂಗೆ?" ನಾಲ್ಕು ಜನರ ಮುಂದೆ ಕೇಳಿದರು. ನನಗೆ ಮೈ ಉರಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅಂದೆ: "ನನ್ನ ಕೆಲಸ ನಾನು ಸರಿಯಾಗೇ ಮಾಡಿದೀನಿ. ಬೆಳಗ್ಗೆ ಬೆಳಗ್ಗೆ ನಿಮ್ಮ ಡ್ರೈವರಿಗೆ ಬಾನೆಟ್ ಒಳಗೆ ಏನು ಕೆಲಸ, ಅದನ್ನ ಕೇಳಿ ಮೊದಲು."

ಇಷ್ಟೇ ಮಾತು. ನಾನು ಕಳ್ಳ ಅನ್ನಲಿಲ್ಲ, ಪೆಟ್ರೋಲು ಅನ್ನಲಿಲ್ಲ. ಅನ್ನುವ ಅಗತ್ಯವೇ ಬೀಳಲಿಲ್ಲ, ಉಳಿದದ್ದನ್ನು ಅಲ್ಲಿದ್ದ ನಾಲ್ವರು ಸೇರಿ ಪೂರ್ತಿ ಮಾಡಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಒಬ್ಬರು ಪೆಟ್ರೋಲು ಇಳಿಸುತ್ತಾನೆ ಅಂದರು, ಒಬ್ಬರು ಹಳೇ ಪಾರ್ಟಿಗೆ ಈಗ ಭಾರೀ ಡಿಮ್ಯಾಂಡು ಅಂದರು. ಸಂಜೆಗೆ ಮಹಾದೇವಪ್ಪನವರು ನನ್ನ ಕೇಳಿದರು, "ಬಾನೆಟ್ಟಿಗೆ ಬೀಗ ಹಾಕಿಸಿದ್ರೆ ಹೆಂಗೆ?" ನಾನು, "ಹಾಕಿಸಿ, ಒಳ್ಳೇದೇ," ಅಂದೆ. ಅವತ್ತೇ ರಾತ್ರಿ, ಅಷ್ಟು ಹಳೇ ಕಾರಿಗೆ, ಅಷ್ಟು ಚಂದದ ಬಾನೆಟ್ಟಿಗೆ, ಎರಡೂ ಪಕ್ಕ ಕೊಂಡಿ ವೆಲ್ಡ್ ಮಾಡಿಸಿ ದನದ ಕೊಟ್ಟಿಗೆಗೆ ಹಾಕುವಂಥ ಬೀಗ ಹಾಕಿಸಿದರು. ವೆಲ್ಡಿಂಗಿನ ಹೊತ್ತಿಗೆ ನಾನೇ ನಿಂತು ಅಳತೆ ಹೇಳಿದೆ. ಬೀಗದ ಕೈ ಮಹಾದೇವಪ್ಪನವರ ಮನೆಯ ದೇವರ ಕೋಣೆಯಲ್ಲಿ.

ಮಾರನೇ ದಿನ ಶುಕ್ರವಾರ. ಕಾರು ಸ್ಟಾರ್ಟ್ ಆಗಲಿಲ್ಲ. ಶನಿವಾರವೂ ಇಲ್ಲ. ಅಲ್ಲಿಂದ ಮುಂದೆ ವಾರದ ಏಳೂ ದಿನ ಸೋಮವಾರವೇ.

ತಲೆ ನೆಟ್ಟಗಿದ್ದವನಾದರೆ, ಬೀಗ ಹಾಕಿದ ಮೇಲೆ ರೋಗ ಜಾಸ್ತಿ ಆಯ್ತು ಅಂದರೆ ಆ ಡ್ರೈವರು ಬೆಳಗ್ಗೆ ಒಳಗೆ ಕೈ ಹಾಕಿ ಒಳ್ಳೇದೇ ಮಾಡುತ್ತಿದ್ದಿರಬೇಕು ಅಂತ ಯೋಚಿಸಬೇಕು. ನಾವು ಯೋಚಿಸಿದ್ದು ಬೇರೆ. ಬೀಗ ಹಾಕುವ ಸುದ್ದಿ ತಿಳಿದು ಸಿಟ್ಟಿಗೆ ಬೀಗ ಬೀಳುವ ಮೊದಲೇ ಏನೋ ಕಿತಾಪತಿ ಮಾಡಿದ್ದಾನೆ ಅಂತ ಮಹಾದೇವಪ್ಪನವರು ತೀರ್ಮಾನ ಕೊಟ್ಟರು. ಮುನಿಸ್ವಾಮಿಯನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದರು. ನಾನೂ ಇದ್ದೆ.

"ದಿನಾ ಬೆಳಗ್ಗೆ ಒಳಗೆ ಏನು ಮಾಡ್ತಿದ್ದೆ? ಹೇಳು."

ಅವನು ಒಮ್ಮೆ ಮನೆಯ ಬಾಗಿಲ ಕಡೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಮೇಸ್ತ್ರಿ, ನಿಮಗೂ ಹಾಗೇ ಅನ್ಸುತ್ತಾ?" ಅಂದ.

ನನ್ನ ಕೈಯಲ್ಲಿ ಒಂದು ಸ್ಪ್ಯಾನರ್ ಇತ್ತು. ಅದರ ನಂಬರು ಓದುತ್ತಾ ನಿಂತೆ. ಹದಿನೆಂಟು ವರ್ಷದ ಕೆಲಸ ಅವತ್ತು ಒಂಬತ್ತು ಗಂಟೆಗೆ ಹೋಯಿತು. ಶರ್ಟಿನ ಜೇಬಿನಿಂದ ಕಾರಿನ ಕೀ ತೆಗೆದು ಕಟ್ಟೆಯ ಮೇಲಿಟ್ಟು, ಬಸ್‌ಸ್ಟ್ಯಾಂಡಿನ ಕಡೆ ನಡೆದುಕೊಂಡು ಹೋದ.

ಹೊಸ ಡ್ರೈವರು ಬಂದ. ಕಾರು ಅವನನ್ನೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಈಗ ಹೊಣೆ ಹೊರಿಸುವುದಕ್ಕೆ ಮುನಿಸ್ವಾಮಿ ಇಲ್ಲವಾದ್ದರಿಂದ ಎಲ್ಲ ಕಣ್ಣೂ ಮತ್ತೆ ನನ್ನ ಮೇಲೆ. ಅಷ್ಟರಲ್ಲಿ ಮಹಾದೇವಪ್ಪನವರ ಸಂಬಂಧಿಕರೊಬ್ಬರು ಒಬ್ಬ ವಾಸ್ತು ಪಂಡಿತರನ್ನು ಕರೆತಂದರು. ಆಗ ಊರಲ್ಲಿ ವಾಸ್ತು ಜ್ವರ. ಚೆನ್ನಾಗಿದ್ದ ಬಚ್ಚಲುಮನೆ ಒಡೆಸಿ ಅಡುಗೆಮನೆ ಮಾಡಿ, ಅಡುಗೆಮನೆ ಒಡೆಸಿ ಬಚ್ಚಲು ಮಾಡುತ್ತಿದ್ದ ಕಾಲ. ಪಂಡಿತರು ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ ಎತ್ತುವ ಕಷ್ಟವನ್ನೂ ತಗೊಳ್ಳದೆ, "ಮುಖ ದಕ್ಷಿಣಕ್ಕಿದೆ. ಯಮನ ದಿಕ್ಕು. ಪೂರ್ವಕ್ಕೆ ತಿರುಗಿಸಿ, ಶೆಡ್ಡಿನ ಪೂರ್ವದ ಗೋಡೆ ತೆಗೆಸಿ," ಅಂದರು. ನಾನು ಮನಸ್ಸಿನಲ್ಲೇ ನಕ್ಕೆ. ಗೋಡೆ ತೆಗೆಸಿದರು. ಕಾರು ತಿರುಗಿಸಿದರು. ಮಾರನೇ ದಿನ ಕಾರು ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು.

ಅವತ್ತಿನ ನನ್ನ ಹೊಟ್ಟೆಯುರಿ ನನಗೇ ಗೊತ್ತು. ಪಂಡಿತರಿಗೆ ಶಾಲು ಹೊದಿಸಿದರು. ಉಸ್ತಾದ್ ಗ್ಯಾರೇಜಿನಲ್ಲಿ, "ಚಂದ್ರೂ, ನಾಳೆಯಿಂದ ಒಂದು ದಿಕ್ಸೂಚಿ ಇಟ್ಕೋ, ಸ್ಪ್ಯಾನರ್ ಯಾಕೆ ಸುಮ್ನೆ," ಅಂದರು. ನಾಲ್ಕು ದಿನ ಹೀಗೇ ನಡೆಯಿತು. ಐದನೇ ದಿನ ಬೆಳಗ್ಗೆ ಮೋಡ ಮುಚ್ಚಿತ್ತು. ಕಾರು ಕಿರ್ರ್ ಅಂದು ಕೂತಿತು. ಅವತ್ತು ನನಗೆ ಆದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಸಂತೋಷ ಇಳಿದ ಮೇಲೆ ಬುದ್ಧಿ ಬಂತು. ಗೋಡೆ ತೆಗೆದ ಮೇಲೆ ಬೆಳಗಿನ ಬಿಸಿಲು ನೇರ ಬಾನೆಟ್ಟಿನ ಮೇಲೆ ಬೀಳುತ್ತಿತ್ತು. ಬಿಸಿಲಿದ್ದರೆ ಆಗುತ್ತೆ, ಮೋಡ ಇದ್ದರೆ ಇಲ್ಲ. ಅಂದರೆ ಎಲ್ಲೋ ತೇವ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಒಂದು ಕಪ್ಪು ಡಬ್ಬಿ ಇರುತ್ತದೆ, ಅದರ ಮುಚ್ಚಳದ ಮೇಲೆ ವೈರುಗಳು ಕೊಂಬಿನ ಹಾಗೆ ಎದ್ದಿರುತ್ತವೆ. ಆ ಮುಚ್ಚಳ ಒದ್ದೆಯಾದರೆ ಕರೆಂಟು ಪ್ಲಗ್ಗಿಗೆ ಹೋಗದೆ ಮೇಲ್ಮೈಯಲ್ಲೇ ಹರಿದು ಪೋಲಾಗುತ್ತದೆ. ಬಿರುಕು ಬಿಟ್ಟಿರಬೇಕು ಅಂದುಕೊಂಡು ಬೆಂಗಳೂರಿನ ಗುಜರಿಯಲ್ಲಿ ಹುಡುಕಿಸಿ ಅಂಥದ್ದೇ ಮುಚ್ಚಳ ತರಿಸಿ ಹಾಕಿದೆ. ಹಾಕಿದ ದಿನ ಗಾಡಿ ಬೆಣ್ಣೆ. ಮಾರನೇ ದಿನ ಮತ್ತೆ ಅದೇ ರಾಗ.

ಹಾಳಾಗಿ ಹೋಗಲಿ ಅಂತ ಒಂದು ಬೆಳಗ್ಗೆ ಆರು ಗಂಟೆಗೇ, ಯಾರಿಗೂ ಹೇಳದೆ, ಶೆಡ್ಡಿನ ಪಕ್ಕದ ಕಟ್ಟೆಯ ಮೇಲೆ ಹೋಗಿ ಕೂತೆ. ಕೈ ಹಿಂದೆ ಕಟ್ಟಿಕೊಂಡಿದ್ದೆ ಅಂತ ಸುಳ್ಳು ಹೇಳುವುದಿಲ್ಲ, ಚಳಿಗೆ ಬಗಲಲ್ಲಿ ಇಟ್ಟುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಮಹಾದೇವಪ್ಪನವರ ತಾಯಿ ಗೌರಮ್ಮನವರು ಗೋಡೆ ಸವರಿಕೊಂಡು ಬಂದರು. ವಯಸ್ಸು ಎಂಬತ್ತರ ಮೇಲೆ, ಕಣ್ಣು ಪೂರ್ತಿ ಹೋಗಿ ಎರಡು ಮೂರು ವರ್ಷವಾಗಿತ್ತು. ಮಗ ಮುಂದೆ ಬಂದು ಬೀಗ ತೆಗೆದು, ಬಾನೆಟ್ ಎತ್ತಿ ಕೊಟ್ಟು, ಸ್ನಾನಕ್ಕೆ ಹೋದರು. ಅಜ್ಜಿ ಈಗಷ್ಟೇ ಲಿಂಗಪೂಜೆ ಮುಗಿಸಿ ಬಂದಿದ್ದರು. ಕೈಯಲ್ಲಿ ವಿಭೂತಿ ಗಟ್ಟಿ, ಪೂಜೆಯ ನೀರಿನ ತಂಬಿಗೆ. ಇಂಜಿನ್ನಿನ ಮೇಲೆ ಕೈ ಆಡಿಸುತ್ತಾ ಆಡಿಸುತ್ತಾ ಆ ಮುಚ್ಚಳದ ಮೇಲೆ ನಿಲ್ಲಿಸಿದರು. ವಿಭೂತಿ ನೀರಲ್ಲಿ ಅದ್ದಿ, ಮೂರು ಬೆರಳಿಗೆ ಧಾರಾಳವಾಗಿ ಸವರಿಕೊಂಡು, ನಾನು ಬೆಂಗಳೂರಿಂದ ತರಿಸಿದ ಹೊಸ ಮುಚ್ಚಳದ ಮೇಲೆ, ಕೊಂಬು ಕೊಂಬಿನ ಮಧ್ಯೆ, ಮೂರು ಪಟ್ಟೆ ಎಳೆದರು. "ಶಿವಾ, ಎಲ್ಲರನ್ನೂ ಕ್ಷೇಮವಾಗಿ ಕರ್ಕೊಂಡು ಹೋಗಿ ಬಾರಪ್ಪ," ಅಂದು ಕಾರಿಗೆ ಕೈ ಮುಗಿದು ಒಳಗೆ ಹೋದರು.

ಒಣ ಬೂದಿ ಏನೂ ಮಾಡುವುದಿಲ್ಲ. ಒದ್ದೆ ಬೂದಿ ಕರೆಂಟಿಗೆ ರಾಜಬೀದಿ.

ನೀವು ಕೇಳಬಹುದು, ಅಷ್ಟು ಸಲ ಬಾನೆಟ್ ಎತ್ತಿದವನಿಗೆ ಆ ಬಿಳಿ ಪಟ್ಟೆ ಕಾಣಲಿಲ್ಲವೇ ಅಂತ. ಕಂಡಿತ್ತು. ಸೋಮವಾರದ ಫೋನಿಗೆ ಓಡಿ ಹೋದಾಗಲೆಲ್ಲ ಕಂಡಿತ್ತು, ಬೀಗ ಬಿದ್ದ ಮೇಲಂತೂ ದಿನಾ ಕಂಡಿತ್ತು. ನಮ್ಮೂರಲ್ಲಿ ವಿಭೂತಿ ಇಲ್ಲದ ಯಂತ್ರ ಎಲ್ಲಿದೆ? ಗಿರಣಿಯ ಮೋಟರಿಗಿದೆ, ತಕ್ಕಡಿಗಿದೆ, ನನ್ನ ಸ್ಪ್ಯಾನರ್ ಪೆಟ್ಟಿಗೆಗೂ ಇದೆ. ಒಣಗಿದ ಆ ಪಟ್ಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ನಾನು ಕೆಲಸ ಶುರು ಮಾಡುತ್ತಿದ್ದೆ. ರೋಗಕ್ಕೇ ನಮಸ್ಕಾರ ಮಾಡಿ ಆಮೇಲೆ ರೋಗ ಹುಡುಕುತ್ತಿದ್ದೆ.

ಆಗ ಮುನಿಸ್ವಾಮಿಯ ಕೈಯಲ್ಲಿದ್ದ ಬಟ್ಟೆಯ ಅರ್ಥ ಆಯಿತು. ಎದ್ದು ಸೀದಾ ಬಸ್‌ಸ್ಟ್ಯಾಂಡಿಗೆ ಹೋಗಿ ಭದ್ರಾವತಿ ಬಸ್ಸು ಹತ್ತಿದೆ.

ಜನ್ನಾಪುರದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮುನಿಸ್ವಾಮಿ ಬಾಗಿಲಲ್ಲಿ ಕೂತು ತನ್ನ ಖಾಕಿ ಶರ್ಟಿಗೆ ಗುಂಡಿ ಹೊಲಿಯುತ್ತಿದ್ದ. ಎರಡು ತಿಂಗಳಿಂದ ಕೆಲಸವಿಲ್ಲ. ಲಾರಿ ಸ್ಟ್ಯಾಂಡಿಗೆ ಹೋದರೆ, "ಗಿರಣಿ ಸಾಹುಕಾರ್ರ ಮನೇಲಿ ಏನೋ ಆಯ್ತಂತಲ್ಲ," ಅಂತ ಕೇಳುತ್ತಿದ್ದರಂತೆ. ಭದ್ರಾವತಿಗೂ ಶಿವಮೊಗ್ಗಕ್ಕೂ ಮಾತು ಬಸ್ಸಿಗಿಂತ ಬೇಗ ಓಡುತ್ತದೆ. ಮಗಳು ಶಂಕರಘಟ್ಟದಲ್ಲಿ ಎಂ.ಎ. ಓದುತ್ತಿದ್ದವಳು ಪುಸ್ತಕ ಮಡಚಿ ಒಂದು ಅಂಗಡಿಗೆ ಟೈಪಿಂಗಿಗೆ ಹೋಗುತ್ತಿದ್ದಳು. ಅವನ ಹೆಂಡತಿ ನನಗೆ ಕಾಫಿ ತಂದುಕೊಟ್ಟು ಒಳಗೆ ಹೋದಳು.

"ಮುನಿಸ್ವಾಮಿ, ನಿನಗೆ ಗೊತ್ತಿತ್ತಲ್ಲ. ಯಾಕೆ ಹೇಳಲಿಲ್ಲ?" ಅಂದೆ.

"ಏನಂತ ಹೇಳೋದು ಮೇಸ್ತ್ರಿ? ಅಜ್ಜಿ ಮೊದಲು ಹೆಡ್‌ಲೈಟಿಗೆ ಹಚ್ತಿದ್ರು. ಕಣ್ಣು ಹೋದ ಮೇಲೆ ಒಂದು ದಿನ ನನ್ನ ಕರೆದು, ಮುನಿಸ್ವಾಮಿ, ಈ ಗಾಡಿ ಜೀವ ಎಲ್ಲಿದೆ, ಅಲ್ಲಿ ನನ್ನ ಕೈ ಇಡು ಅಂದ್ರು. ನಾನೇ ಅವರ ಕೈ ಹಿಡಿದು ಅಲ್ಲಿ ಇಟ್ಟೆ. ಕರೆಂಟು ಹೊರಡೋದು ಅಲ್ಲಿಂದಲೇ ಅಲ್ವಾ, ಅದಕ್ಕೆ. ಮಾರನೇ ದಿನ ಗಾಡಿ ಸ್ಟಾರ್ಟ್ ಆಗ್ಲಿಲ್ಲ, ನನಗೆ ಗೊತ್ತಾಗೋಯ್ತು. ಅವತ್ತಿಂದ ದಿನಾ ಬಂದು ಒರೆಸ್ತಿದ್ದೆ. ಸೋಮವಾರ ಎಲ್ಲರೂ ನಿಂತಿರ್ತಾರೆ, ಒರೆಸಕ್ಕಾಗ್ತಿರಲಿಲ್ಲ."

"ಅವತ್ತು ಅಂಗಳದಲ್ಲಿ ಹೇಳಬಹುದಿತ್ತಲ್ಲ ಮಾರಾಯ."

"ಅಜ್ಜಿ ಬಾಗಿಲ ಹಿಂದೇನೇ ನಿಂತಿದ್ರು. ನಿಮ್ಮ ಕೈಯಿಂದಲೇ ಗಾಡಿ ನಿಲ್ತಿದೆ ಅಂತ ಅವರಿಗೆ ಕೇಳೋ ಹಾಗೆ ಹೇಳ್ಲಾ? ಅವರಿಗೆ ಈಗ ಮನೇಲಿ ಇರೋ ಕೆಲಸ ಅದೊಂದೇ. ನೀವೂ ಹೇಳಬಾರದು."

ವಾಪಸ್ ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ನಿಜ ಹೇಳದೆ ಇವನಿಗೆ ಕೆಲಸ ಕೊಡಿಸಬೇಕು. ಅದಕ್ಕೆ ಇದ್ದದ್ದು ಒಂದೇ ದಾರಿ, ನನಗೆ ಕಸುಬು ಬರುವುದಿಲ್ಲ ಅಂತ ನಾನೇ ಒಪ್ಪಿಕೊಳ್ಳುವುದು. ಮೂವತ್ತು ವರ್ಷ ಹತ್ತಿರ ಸ್ಪ್ಯಾನರ್ ಹಿಡಿದವನಿಗೆ ಅದು ಎಷ್ಟು ಕಹಿ ಅಂತ ಕಸುಬಿನವರಿಗೆ ಗೊತ್ತು.

ಸಂಜೆ ಮಹಾದೇವಪ್ಪನವರ ಪಡಸಾಲೆಯಲ್ಲಿ ನಿಂತು ಅಂದೆ: "ತಪ್ಪು ನಂದು. ಮುನಿಸ್ವಾಮಿ ದಿನಾ ಬೆಳಗ್ಗೆ ಇಂಜಿನ್ ಒರೆಸಿ ತೇವ ತೆಗೀತಿದ್ದ. ಮಾಡಬೇಕಾದ್ದನ್ನೇ ಮಾಡ್ತಿದ್ದ. ನನಗೆ ಅದು ಗೊತ್ತಾಗಲಿಲ್ಲ. ಬೀಗ ಕೀಳಿಸಿ, ಅವನನ್ನ ಕರೆಸಿ."

"ಕರೆಸಬಹುದು. ಆದ್ರೆ ನಾನು ಊರ ತುಂಬ ಹೇಳಿಬಿಟ್ಟಿದೀನಲ್ಲ. ಈಗ ಜನ ಏನಂತಾರೆ?"

"ಮೇಸ್ತ್ರಿ ಚಂದ್ರಪ್ಪ ಕತ್ತೆ, ಅವನ ಮಾತು ಕೇಳಿ ಕೆಟ್ಟೆ ಅನ್ನಿ."

ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಹೌದು, ಅದನ್ನ ಎಲ್ಲರೂ ನಂಬ್ತಾರೆ," ಅಂದರು.

ಅಷ್ಟು ಬೇಗ ಒಪ್ಪಬಾರದಿತ್ತು. ಇರಲಿ.

ಆಗ ಒಳಗಿನಿಂದ ಗೌರಮ್ಮನವರು ಬಾಗಿಲ ಚೌಕಟ್ಟು ಹಿಡಿದು ಬಂದು ನಿಂತರು. "ಮಾದೇವಾ, ನಾನು ಎರಡು ತಿಂಗಳಿಂದ ಅದನ್ನೇ ಹೇಳ್ತಿದೀನಿ, ನೀನು ಕಿವಿಗೆ ಹಾಕ್ಕೊಳ್ಳಲಿಲ್ಲ. ಆ ಹುಡುಗ ಇದ್ದಾಗ ನಿನ್ನೆ ಹಚ್ಚಿದ ವಿಭೂತಿ ಇವತ್ತು ಇರ್ತಿರಲಿಲ್ಲ. ದಿನಾ ಒರೆಸಿ ಜಾಗ ಚೊಕ್ಕಟ ಮಾಡಿ ಇಡ್ತಿದ್ದ. ಈಗ ಕೈ ಇಟ್ರೆ ಮೂರು ದಿನದ್ದು ಗಟ್ಟಿಯಾಗಿ ಕೂತಿರುತ್ತೆ. ಅಂಥ ಭಕ್ತಿ ಇರೋನು ಕಳ್ಳ ಹೆಂಗಾಗ್ತಾನೆ?"

ಕಾರ್ಬೊರೇಟರು, ಪ್ಲಗ್ಗು, ಕಾಯಿಲು, ಗುಜರಿಯ ಮುಚ್ಚಳ, ವಾಸ್ತು ಪಂಡಿತರು, ಇಷ್ಟೆಲ್ಲ ಆಯಿತು. ದಿನಾ ಬೆಳಗ್ಗೆ ಆ ಇಂಜಿನ್ ಮುಟ್ಟುವ ಮುದುಕಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಕಣ್ಣು ಕಾಣದವರನ್ನು ಏನು ಕೇಳುವುದು ಅಂತ. ಕೇಳಿದ್ದರೆ ಒಂದೇ ನಿಮಿಷದ ಕೆಲಸ.

ಮುನಿಸ್ವಾಮಿ ಮುಂದಿನ ವಾರವೇ ಕೆಲಸಕ್ಕೆ ಬಂದ. ಅವನ ಮಗಳು ಮತ್ತೆ ಶಂಕರಘಟ್ಟದ ಬಸ್ಸು ಹತ್ತಿದಳು. ಸೋಮವಾರದ ಸಮಸ್ಯೆಗೆ ನಾನು ಒಂದು ಉಪಾಯ ಮಾಡಿದೆ. ಪೂಜೆ ಆದ ಮೇಲೆ ಐದು ನಿಮಿಷ ಇಂಜಿನ್ನಿಗೆ ಗಾಳಿ ಆಡಬೇಕು, ಯಾರೂ ಹತ್ತಿರ ನಿಲ್ಲಬಾರದು ಅಂತ ಮೆಕ್ಯಾನಿಕ್ ಸಲಹೆ ಕೊಟ್ಟೆ. ಕತ್ತೆಯ ಸಲಹೆಯಾದರೂ ಪಾಲಿಸಿದರು. ಅಜ್ಜಿ ಇರುವವರೆಗೂ ಅವರು ಹಚ್ಚಿದರು, ಅವನು ಒರೆಸಿದ, ಗಾಡಿ ಓಡಿತು.

ಆಮೇಲೂ ವರ್ಷಕ್ಕೆ ನಾಲ್ಕು ಸಲ ಕಾರು ನಮ್ಮ ಗ್ಯಾರೇಜಿಗೆ ಆಯಿಲ್ ಬದಲಿಸಲು ಬರುತ್ತಿತ್ತು. ಬಾನೆಟ್ಟಿನಲ್ಲಿ ಕೊಂಡಿ ಕಿತ್ತ ಗುರುತು ಎರಡೂ ಪಕ್ಕ ಹಾಗೇ ಇತ್ತು. ಮುನಿಸ್ವಾಮಿ ಗಾಡಿ ನಿಲ್ಲಿಸಿ, ಇಳಿದು, ಎರಡು ಹೆಜ್ಜೆ ದೂರ ಸರಿದು ನಿಂತು, ಎರಡೂ ಅಂಗೈ ಎತ್ತಿ ತೋರಿಸಿ, "ನೋಡ್ಕೊಳ್ಳಿ ಮೇಸ್ತ್ರಿ, ನಾನು ಏನೂ ಮುಟ್ಟಿಲ್ಲ," ಅನ್ನುತ್ತಿದ್ದ. ಪ್ರತಿ ಸಲವೂ ಇದೇ. ಗ್ಯಾರೇಜಿನಲ್ಲಿ ಎಲ್ಲರೂ ಗೊಳ್ಳೆಂದು ನಗುತ್ತಿದ್ದರು, ಉಸ್ತಾದ್ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಾನು ರಿಟೈರ್ ಆಗುವವರೆಗೆ ಆರೇಳು ವರ್ಷ ಅವನು ಹಾಗೆ ಕೈ ತೋರಿಸಿದ. ಅವನು ಒಮ್ಮೆಯೂ ನಗಲಿಲ್ಲ.